ಕಣಿವೆಯಿಂದ ಹಿಂದೆ ಬಂದ ಹಲ್ಲು

ಪೇಟೆಬೀದಿಯ ಹಲ್ಲಿನ ಆಸ್ಪತ್ರೆಗೆ ಎರಡು ಬಾಗಿಲು. ಮುಂದಿನದು ಗಾಜಿನದು. ಅದರೊಳಗೆ ಸಾಲು ಕುರ್ಚಿ, ಹಳೆಯ ವಾರಪತ್ರಿಕೆ, ಕೆನ್ನೆಗೆ ಕೈಯಿಟ್ಟುಕೊಂಡು ಕೂತ ಜನ. ಹಿಂದಿನದು ಓಣಿಗೆ ತೆರೆದುಕೊಳ್ಳುವ ತಗಡಿನ ಬಾಗಿಲು. ಆ ಕಡೆಯ ಒಂದೇ ಕಿಟಕಿಯ ಕೋಣೆಯಲ್ಲಿ ಕೂತು ಹಲ್ಲು ಕಟ್ಟುವವನನ್ನು ಎಲ್ಲರೂ ಹಲ್ಲಣ್ಣ ಎನ್ನುತ್ತಿದ್ದರು. ಅವನಿಗಿಂತ ವಯಸ್ಸಿನಲ್ಲಿ ದೊಡ್ಡವರಿಗೂ ಅವನು ಹಲ್ಲಣ್ಣನೇ. ಹೆಂಡತಿ ಮಾತ್ರ "ರೀ" ಎನ್ನುತ್ತಿದ್ದಳು.

ಮುಂದಿನ ಕೋಣೆಗೂ ಹಿಂದಿನ ಕೋಣೆಗೂ ನಡುವಿನ ಗೋಡೆಯಲ್ಲಿ ಒಂದು ಕಿಂಡಿ. ಡಾಕ್ಟರಮ್ಮ ರೋಗಿಯ ಬಾಯಿಯ ಅಚ್ಚು ತೆಗೆದು ಆ ಕಿಂಡಿಯಲ್ಲಿ ಇಡುತ್ತಿದ್ದರು. ಹಲ್ಲಣ್ಣ ಅದಕ್ಕೆ ಪ್ಲಾಸ್ಟರ್ ಸುರಿದು, ಗಟ್ಟಿಯಾದ ಮೇಲೆ ಬಿಡಿಸಿ, ಆ ಬಿಳಿಯ ಒಸಡಿನ ಮೇಲೆ ಮೇಣ ಕಟ್ಟಿ, ಒಂದೊಂದೇ ಹಲ್ಲು ಕೂರಿಸಿ, ಕೊನೆಗೆ ಗುಲಾಬಿ ಬಣ್ಣದ ಸೆಟ್ಟನ್ನು ಪಳಪಳ ಉಜ್ಜಿ ಅದೇ ಕಿಂಡಿಯಲ್ಲಿ ವಾಪಸ್ಸಿಡುತ್ತಿದ್ದ. ಅದು ಯಾರ ಬಾಯಿ, ಅದರ ಮೇಲೆ ಎಂಥ ಮೂಗು, ಎಂಥ ಕಣ್ಣು ಎಂಬುದರ ಗೊಡವೆ ಅವನಿಗೆ ಇರಲಿಲ್ಲ. ಗೋಡೆಗೆ ಬಡಿದ ಹಲಗೆಗಳ ಮೇಲೆ ಊರಿನ ಅರ್ಧಕ್ಕರ್ಧ ಬಾಯಿಗಳು ಪ್ಲಾಸ್ಟರಿನಲ್ಲಿ ಆಕಳಿಸುತ್ತ ಕೂತಿದ್ದವು. ಅಷ್ಟೇ ಅವನ ನೆರೆಹೊರೆ.

ಒಮ್ಮೆ ಹೆಂಡತಿಯ ಜೊತೆ ಒಂದು ಸಾವಿನ ಮನೆಗೆ ಹೋಗಿದ್ದ. ಅದು ಯಾರ ಮನೆಯೆಂದೇ ಅವನಿಗೆ ಸರಿಯಾಗಿ ಗೊತ್ತಿರಲಿಲ್ಲ. ಗೋಡೆಯ ಮೇಲಿನ ಫೋಟೋದಲ್ಲಿ ಸತ್ತವರು ಬಾಯಿ ತುಂಬ ನಗುತ್ತಿದ್ದರು. ಹಲ್ಲಣ್ಣ ಹತ್ತಿರ ಹೋಗಿ ಕತ್ತು ಓರೆ ಮಾಡಿ ಆ ಹಲ್ಲುಸಾಲನ್ನು ನೋಡಿ, "ಇವರು ನಮ್ಮವರೇ ಕಣೇ" ಎಂದುಬಿಟ್ಟ. ಯಾರೋ ದೂರದ ನೆಂಟನಿರಬೇಕು ಅಂದುಕೊಂಡು ಆ ಮನೆಯ ಹಿರಿಮಗ ಅವನನ್ನು ತಬ್ಬಿಕೊಂಡು ಅತ್ತ. ಇವನು ಬಿಡಿಸಿ ಹೇಳಲು ಹೋಗಲಿಲ್ಲ. ಅವನ ಬೆನ್ನು ಸವರಿ ಹೊರಗೆ ಬಂದ.

ಹೆಂಡತಿ ಅದೇ ಬೀದಿಯ ಚಪ್ಪಲಿ ಅಂಗಡಿಯಲ್ಲಿ ಕೆಲಸಕ್ಕಿದ್ದಳು. ಬಂದವರ ನಡಿಗೆ ನೋಡಿಯೇ ಅಳತೆ ಹೇಳುವವಳು. "ಜನರ ಎರಡು ತುದಿ ಹಿಡ್ಕೊಂಡು ನಮ್ಮಿಬ್ಬರ ಹೊಟ್ಟೆ ತುಂಬ್ತಾ ಇದೆ" ಎಂದು ಅವಳು ತಮಾಷೆ ಮಾಡುತ್ತಿದ್ದಳು. ಮಗಳು ಮದುವೆಯಾಗಿ ಬೇರೆ ಊರಿನಲ್ಲಿದ್ದಳು. ಇವರಿಬ್ಬರು ನಾಲ್ಕನೇ ಮಹಡಿಯ ಬಾಡಿಗೆ ಮನೆಯಲ್ಲಿ, ಜಗಳವಾಡಲೂ ಪುರುಸೊತ್ತಿಲ್ಲದೆ, ತಮ್ಮ ಪಾಡಿಗೆ ತಾವಿದ್ದರು.

ಊರಿಗೆ ಬೆನ್ನು ಕೊಟ್ಟು ನಿಂತ ಬೆಟ್ಟಸಾಲಿನ ಆಚೆಗೆ ಒಂದು ಕಣಿವೆ. ಅದರ ತಳದಲ್ಲಿ ಬೆರಳೆಣಿಕೆಯ ಮನೆಗಳ ಒಂದು ಪುಟ್ಟ ಊರು. ಪೇಟೆಯ ಜೀಪು ಬೆಟ್ಟದ ಬುಡದ ಮರದ ಸೇತುವೆಯವರೆಗೆ ಹೋಗುತ್ತಿತ್ತು. ಅಲ್ಲಿಂದ ಮುಂದಕ್ಕೆ ಕಾಲೇ ಗತಿ. ಅಲ್ಲಿಯ ಅಜ್ಜಿಯೊಬ್ಬಳು ಹಲ್ಲು ಕಟ್ಟಿಸಿಕೊಳ್ಳಲು ಬೆಟ್ಟ ಹತ್ತಿಳಿದು ಪೇಟೆಗೆ ಬಂದಿದ್ದಳು. ಡಾಕ್ಟರಮ್ಮ ಅಚ್ಚು ತೆಗೆದು, ಇನ್ನೊಮ್ಮೆ ಬಂದು ಮೇಣದ ಹಲ್ಲನ್ನು ಬಾಯಿಗಿಟ್ಟು ನೋಡಿಕೊಂಡು ಹೋಗಬೇಕು ಎಂದರು.

"ಹತ್ತಿ ಇಳಿದಿದ್ದು ಒಂದ್ಸಲ ಸಾಕು ತಾಯಿ. ಇನ್ನೊಂದ್ಸಲ ಬರೋಕೆ ಮಂಡಿ ಕಟ್ಟಿಕೊಡ್ತೀಯಾ?" ಎಂದು ಅಜ್ಜಿ ಕೋಲೂರಿಕೊಂಡು ಎದ್ದು ಹೋದಳು. ಕಿಂಡಿಯಾಚೆಯಿಂದ ಆ ದನಿಯಷ್ಟೇ ಹಲ್ಲಣ್ಣನ ಕಿವಿಗೆ ಬಿದ್ದಿತ್ತು.

ಸೆಟ್ಟು ತಯಾರಾಯಿತು. ಜೀಪಿನ ಡ್ರೈವರ್ ತೆಗೆದುಕೊಂಡು ಹೋಗಿ, ಸೇತುವೆಯ ಹತ್ತಿರ ಕಣಿವೆಯವರ ಕೈಗೆ ದಾಟಿಸಿದ. ಕೆಲವು ದಿನ ಕಳೆದು ಅದು ಬಂದ ದಾರಿಯಲ್ಲೇ ವಾಪಸ್ಸು ಬಂತು.

"ಸರಿಯಿಲ್ಲವಂತೆ" ಎಂದ ಡ್ರೈವರ್.

"ಎಲ್ಲಿ ಒತ್ತುತ್ತಂತೆ?"

"ಅದೆಲ್ಲ ನಂಗೊತ್ತಿಲ್ಲ. ಸರಿಯಿಲ್ಲವಂತೆ, ಅಷ್ಟೇ."

ಹಲ್ಲಣ್ಣ ಅಂಚನ್ನು ಒಂಚೂರು ಉಜ್ಜಿ ಕಳಿಸಿದ. ಮತ್ತೆ ಬಂತು. ಮೇಲಿನ ಕೆಳಗಿನ ಹಲ್ಲು ಕಚ್ಚಿ ಕೂರುವ ಜಾಗವನ್ನೆಲ್ಲ ತಿದ್ದಿ ತೀಡಿ ಕಳಿಸಿದ. ಮತ್ತೂ ಬಂತು. "ಸರಿಯಿಲ್ಲವಂತೆ" ಎನ್ನುವ ಮಾತಿಗೆ ಒಂದು ಅಕ್ಷರವೂ ಹೆಚ್ಚು ಸೇರಿರಲಿಲ್ಲ.

ಡಾಕ್ಟರಮ್ಮ ಕೈ ಚೆಲ್ಲಿದರು. "ಬಿಟ್ಹಾಕಿ ಹಲ್ಲಣ್ಣ. ಅಭ್ಯಾಸ ಇಲ್ಲದವರಿಗೆ ಎಂಥ ಹಲ್ಲು ಕೊಟ್ರೂ ಅಷ್ಟೇ. ಬೇಕಾದ್ರೆ ಅವರೇ ಬರಲಿ."

ಹಲ್ಲಣ್ಣನಿಗೆ ಬಿಟ್ಟುಹಾಕಲು ಆಗಲಿಲ್ಲ. ಮೂರು ಸಲ ತಿರುಗಿ ಬರುವಂಥ ಸೆಟ್ಟು ಅವನ ಕೈಯಿಂದ ಅದುವರೆಗೆ ಒಂದೂ ಹೊರಟಿರಲಿಲ್ಲ. ಅಜ್ಜಿಯ ಪ್ಲಾಸ್ಟರ್ ಬಾಯಿಯನ್ನು ಮನೆಗೇ ತಂದು ಊಟದ ಮೇಜಿನ ಮೇಲಿಟ್ಟು, ಸೆಟ್ಟನ್ನು ಅದಕ್ಕೆ ತೊಡಿಸಿ, ತೆಗೆದು, ಮತ್ತೆ ತೊಡಿಸಿದ. ಡಬ್ಬಕ್ಕೆ ಮುಚ್ಚಳ ಕೂರುವ ಹಾಗೆ ಟಪ್ಪೆಂದು ಕೂತಿತು.

"ನೋಡೇ, ಒಂದು ಕೂದಲು ತೂರಲ್ಲ. ಇದಕ್ಕಿಂತ ಇನ್ನೇನು ಸರಿಯಾಗ್ಬೇಕು?"

ಹೆಂಡತಿ ತಟ್ಟೆ ಸರಿಸಿಕೊಂಡು ಊಟ ಮುಂದುವರಿಸಿದಳು. "ನಮ್ಮಂಗಡೀಲಿ ಶೂನ ಕಾಲಿಗೆ ಹಾಕಿ ನೋಡ್ತೀವಿ. ಡಬ್ಬಕ್ಕೆ ಹಾಕಿ ನೋಡಿ ಸರಿ ಇದೆ ಅನ್ನಲ್ಲ."

ಹಲ್ಲಣ್ಣ ಪ್ಲಾಸ್ಟರ್ ಬಾಯಿಯಿಂದ ಸೆಟ್ಟನ್ನು ಬಿಡಿಸಿ ತೆಗೆದ. ಆಮೇಲೆ, "ಹಂಗಾದ್ರೆ ಹೋಗ್ಬೇಕಾಗತ್ತೆ" ಎಂದ.

"ಹೋಗೋಣ" ಎಂದಳು ಹೆಂಡತಿ.

"ನೀನ್ಯಾಕೆ?"

"ನಿಮ್ಮನ್ನ ಹೊತ್ಕೊಂಡು ಬರೋಕೆ ಒಬ್ಬರು ಬೇಡ್ವಾ?"

ಮಾರನೆಯ ದಿನದಿಂದ ತಯಾರಿ ಶುರುವಾಯಿತು. ಬೆಳಿಗ್ಗೆ ಹೊರಟು ಸಂಜೆಯೊಳಗೆ ಹಿಂದಿರುಗಬೇಕು, ರಾತ್ರಿ ಉಳಿಯುವುದಿಲ್ಲ ಎಂಬುದಷ್ಟೇ ಖಚಿತ. ಉಳಿದದ್ದನ್ನು ಕೇಳಿ ತಿಳಿಯಬೇಕು. ಕೇಳುತ್ತ ಹೋದರೆ ಒಬ್ಬೊಬ್ಬರದು ಒಂದೊಂದು ದಾರಿ. ಡ್ರೈವರಿನ ಪ್ರಕಾರ ಊರು "ಅಲ್ಲೇ, ಏರಿ ಇಳಿದ್ರೆ ಆಯ್ತು". ಅವನು ಸೇತುವೆ ದಾಟಿ ಆ ಕಡೆಗೆ ಕಾಲಿಟ್ಟವನೇ ಅಲ್ಲ ಎಂಬುದು ಆಮೇಲೆ ತಿಳಿಯಿತು. ಡಾಕ್ಟರಮ್ಮನ ಗಂಡ ಚಾರಣದ ಹುಚ್ಚಿನವರು. ಬೆಟ್ಟ ಹತ್ತುವ ಕೋಲು, ಬೆನ್ನಿಗೆ ಅಂಟುವ ಚೀಲ, ನೀರು ಶುದ್ಧ ಮಾಡುವ ಮಾತ್ರೆ ಎಂದು ಅರ್ಧ ಅಂಗಡಿಯನ್ನೇ ಹೇಳಿದರು. ಆದರೆ ಆ ಕಣಿವೆ ಯಾವ ದಿಕ್ಕಿಗಿದೆ ಎಂದು ಕೇಳಿದರೆ ಫೋನು ತೆಗೆದು ಹುಡುಕತೊಡಗಿದರು. ಕೊನೆಗೆ ಉಪಯೋಗಕ್ಕೆ ಬಂದವಳು ಹೆಂಡತಿಯ ಅಂಗಡಿಗೆ ಬರುತ್ತಿದ್ದ ಬೆಣ್ಣೆ ಮಾರುವ ಹೆಂಗಸು. ಅವಳ ತವರು ಅದೇ ಕಣಿವೆ. ಹೆಂಡತಿ ಅವಳಿಂದ ಶೂ ಡಬ್ಬದ ಮುಚ್ಚಳದ ಮೇಲೆ ದಾರಿ ಬರೆಸಿಕೊಂಡಳು: ಸೇತುವೆ, ಹಳ್ಳ ಎಡಕ್ಕೆ ಬಿಡಬೇಕು, ಕುರಿ ದೊಡ್ಡಿ, ಏರು, ಬೋಳು ನೆತ್ತಿ, ಇಳಿಜಾರು.

"ಬೋಳು ನೆತ್ತಿಗೆ ಬಂದಾಗ ಸೂರ್ಯನೂ ನಿಮ್ಮ ನೆತ್ತಿ ಮೇಲಿದ್ರೆ ಅಲ್ಲಿಂದ್ಲೇ ತಿರುಗಿಬಿಡಿ" ಎಂದಳು ಬೆಣ್ಣೆಯವಳು. "ಕೆಳಗೆ ಮನೆ ಕಾಣ್ಸತ್ತೆ, ಇನ್ನೇನು ಬಂತು ಅನ್ನಿಸತ್ತೆ. ನಂಬಬೇಡಿ."

ಹೆಂಡತಿ ಗಂಡನಿಗೆ ಅಂಗಡಿಯಿಂದ ದಪ್ಪ ಅಟ್ಟೆಯ ಶೂ ತಂದಳು. ಹೊಸ ಶೂ ಹಾಕಿಕೊಂಡು ಬೆಟ್ಟ ಹತ್ತುವಂತಿಲ್ಲ, ಮೊದಲು ಹದಕ್ಕೆ ಬರಬೇಕು ಎಂದು ಅದನ್ನೇ ಹಾಕಿಸಿ ಕೆಲಸಕ್ಕೆ ಕಳಿಸಿದಳು. ಹಿಂದಿನ ಕೋಣೆಯಲ್ಲಿ ಅವನು ಕಾಲು ಅಲುಗಿಸಿದಾಗಲೆಲ್ಲ ಕೀಂಯ್ ಎನ್ನುತ್ತಿತ್ತು. ಡಾಕ್ಟರಮ್ಮ ಕಿಂಡಿಯಲ್ಲಿ ತಲೆ ತೂರಿಸಿ, "ಇಲಿ ಬಂದಿದೆಯಾ ನೋಡಿ ಹಲ್ಲಣ್ಣ, ಪೇಷೆಂಟು ಹೆದರ್ತಿದಾರೆ" ಎಂದರು. ಸಂಜೆ ಹೆಂಡತಿ ಅವನನ್ನು ನಾಲ್ಕು ಮಹಡಿಯ ಮೆಟ್ಟಿಲು ಹತ್ತಿಸಿ, ಇಳಿಸಿ, ಮತ್ತೆ ಹತ್ತಿಸಿದಳು. ಎರಡನೇ ಮಹಡಿಯ ಮುದುಕರು ಬಾಗಿಲು ತೆರೆದು, "ಏನಾದ್ರೂ ಕಳ್ಕೊಂಡ್ರಾ?" ಎಂದು ಕೇಳಿದರು. "ಉಸಿರು" ಎಂದ ಹಲ್ಲಣ್ಣ, ಕಂಬಿ ಹಿಡಿದುಕೊಂಡು.

ಚೀಲ ತುಂಬುವಾಗ ಮಾತ್ರ ಇಬ್ಬರ ನಡುವೆ ಮಾತು ಬಿಸಿಯಾಯಿತು. ಅವನ ಕಡೆಯಿಂದ ಸೆಟ್ಟಿನ ಡಬ್ಬಿ, ಹಲ್ಲು ತೀಡುವ ಅರ ಎರಡು, ಉಜ್ಜುವ ಕಲ್ಲು, ಮೇಣದ ಹಾಳೆ, ಸ್ಪಿರಿಟ್ ದೀಪ, ಕಚ್ಚಿದರೆ ಹಲ್ಲಿನ ಮೇಲೆ ಗುರುತು ಮೂಡಿಸುವ ನೀಲಿ ಕಾಗದ, ಕೈಗನ್ನಡಿ, ಸಾಲದ್ದಕ್ಕೆ ಅಜ್ಜಿಯ ಪ್ಲಾಸ್ಟರ್ ಬಾಯಿ. ಹೆಂಡತಿ ಬ್ರೆಡ್ಡು, ಬೇಯಿಸಿದ ಮೊಟ್ಟೆ, ನೀರು, ಒಣಬಟ್ಟೆ ಹಿಡಿದು ನಿಂತಿದ್ದಳು. ಚೀಲದಲ್ಲಿ ಒಂದಕ್ಕೆ ಜಾಗವಿದ್ದರೆ ಇನ್ನೊಂದಕ್ಕಿಲ್ಲ.

"ನಿಜವಾದ ಬಾಯಿನೇ ನೋಡೋಕೆ ಹೋಗ್ತಿರೋದು. ಇದನ್ಯಾಕೆ ಹೊರ್ತೀರಿ?" ಎಂದು ಅವಳು ಪ್ಲಾಸ್ಟರನ್ನು ತೆಗೆದು ಕಪಾಟಿನಲ್ಲಿಟ್ಟಳು. ಅವನು ಒಂದು ಗಳಿಗೆ ಮುಖ ಗಂಟಿಕ್ಕಿಕೊಂಡು, ಆಮೇಲೆ ಆ ಜಾಗಕ್ಕೆ ಮೊಟ್ಟೆ ತಾನೇ ತುಂಬಿದ.

ಗೊತ್ತು ಮಾಡಿದ ಮೊದಲ ದಿನ ಮೋಡ ಕವಿದು ಬೆಟ್ಟವೇ ಕಾಣಲಿಲ್ಲ. ಎರಡನೆಯ ಸಲ ಡ್ರೈವರಿನ ಜೀಪು ಕೆಟ್ಟಿತು. ಅಷ್ಟು ಹೊತ್ತಿಗೆ ಬೀದಿಯಲ್ಲಿ ಇವರ ಪ್ರಯಾಣ ತಮಾಷೆಯ ವಸ್ತುವಾಗಿತ್ತು. ಚಹದ ಅಂಗಡಿಯವನು, "ಹೋಗಿ ಬಂದ್ರಾ, ಇನ್ನೂ ಹೋಗ್ತಾನೇ ಇದ್ದೀರಾ?" ಎಂದು ಕೇಳುತ್ತಿದ್ದ. ಮೂರನೆಯ ಸಲ, ಚಪ್ಪಲಿ ಅಂಗಡಿಯ ವಾರದ ರಜೆಯ ದಿನ, ಬೆಳಕು ಹರಿಯುವ ಮುನ್ನ ಜೀಪು ಹತ್ತಿಯೇ ಬಿಟ್ಟರು.

ಸೇತುವೆಯ ಆಚೆಗೆ ದಾರಿ ಮುಚ್ಚಳದ ಮೇಲೆ ಬರೆದ ಹಾಗೆಯೇ ಇತ್ತು. ಆದರೆ ಮುಚ್ಚಳ ಚಪ್ಪಟೆ, ಬೆಟ್ಟ ಹಾಗಿರಲಿಲ್ಲ. ಹಳ್ಳ ಎಡಕ್ಕೆ ಬಿಟ್ಟು, ಕುರಿ ದೊಡ್ಡಿ ದಾಟಿದ ಮೇಲೆ ಏರು ಹಿಡಿಯಿತು. ಹಲ್ಲಣ್ಣ ಬಗ್ಗಿ ಕೂತು ಬದುಕಿದವನು. ಬೆನ್ನು ನೆಟ್ಟಗೆ ಮಾಡಿದರೆ ಉಸಿರು ಸಾಲದು, ಬಗ್ಗಿದರೆ ಚೀಲ ತಲೆಯ ಮೇಲೆ ಬರುವುದು. ಹೆಂಡತಿ ಮುಂದೆ ಮುಂದೆ ಹೋಗಿ ಕಲ್ಲಿನ ಮೇಲೆ ಕೂತು ಕಾಯುತ್ತಿದ್ದಳು. ಅವನು ಬಂದು ಪಕ್ಕದಲ್ಲಿ ಕೂರುವಷ್ಟರಲ್ಲಿ ಎದ್ದುಬಿಡುತ್ತಿದ್ದಳು. "ಇದ್ಯಾವ ನ್ಯಾಯ?" ಎಂದು ಅವನು ಕೇಳಿದ್ದಕ್ಕೆ, "ನಂದು ಆಯ್ತಲ್ಲ ವಿಶ್ರಾಂತಿ" ಎಂದಳು.

ಬೋಳು ನೆತ್ತಿಗೆ ಬಂದಾಗ ಸೂರ್ಯ ಇನ್ನೂ ಓರೆಯಲ್ಲಿದ್ದ. ಕೆಳಗೆ ಕಣಿವೆಯ ತಳದಲ್ಲಿ ಯಾರೋ ಕೈಯಿಂದ ಚೆಲ್ಲಿದ ಹಾಗೆ ಮನೆಗಳು, ಅವುಗಳ ಸುತ್ತ ಹಸಿರು ತುಂಡುಗಳು, ಒಂದು ಹೊಗೆ. ಬೆಣ್ಣೆಯವಳ ಮಾತು ನಿಜವಾಗಿತ್ತು. ಇನ್ನೇನು ಬಂತು ಅನ್ನಿಸಿದ ಊರು ಇಳಿದಷ್ಟೂ ದೂರ ಸರಿಯಿತು. ಮನೆಗಳ ನಡುವೆ ಕಾಲಿಟ್ಟಾಗ ಹಲ್ಲಣ್ಣ ಚೀಲ ಇಳಿಸಿ, ಹಲ್ಲು ಕಟ್ಟಿಸಿಕೊಂಡ ಅಜ್ಜಿಯ ಮನೆ ಯಾವುದೆಂದು ಕೇಳಿದ.

ಅಜ್ಜಿ ಹೊಸ್ತಿಲ ಹೊರಗೆ ಮಣೆಯ ಮೇಲೆ ಕೂತು ಆಲೂಗಡ್ಡೆ ಸಿಪ್ಪೆ ತೆಗೆಯುತ್ತಿದ್ದಳು. ಎದುರಿಗೆ ಅವಳದೇ ವಯಸ್ಸಿನ ವಾರಗಿತ್ತಿ. ಹಲ್ಲಣ್ಣ ತಾನು ಯಾರೆಂದು ಹೇಳಿದ. ಅಜ್ಜಿ ಅವನನ್ನು ಮೇಲಿಂದ ಕೆಳಗೆ ನೋಡಿದಳು.

"ಹಲ್ಲಿನೋನು ನೀನೇನಾ? ಇಷ್ಟು ದೂರ ಯಾಕೆ ಬಂದೆ? ಸರಿಯಿಲ್ಲ ಅಂತ ಹೇಳಿ ಕಳ್ಸಿದ್ದೆನಲ್ಲ."

"ಎಲ್ಲಿ ಸರಿಯಿಲ್ಲ ಅಂತ ನೋಡೋಕೆ ಬಂದೆ ಅಜ್ಜಿ."

ನೀರು ಕೊಟ್ಟರು. ಕುಡಿದು, ಕೈ ತೊಳೆದು, ಅವನು ಸೆಟ್ಟನ್ನು ಅಜ್ಜಿಯ ಬಾಯಿಗೆ ಕೂರಿಸಿದ. ತಾನು ಕಟ್ಟಿದ ಹಲ್ಲನ್ನು ತಾನೇ ಒಂದು ಬಾಯಿಗೆ ಇಟ್ಟದ್ದು ಅದೇ ಮೊದಲು. ತುಟಿ ಬೆಚ್ಚಗಿತ್ತು, ಕೆನ್ನೆ ಬೆರಳಿಗೆ ಜೋಲುತ್ತಿತ್ತು. ಪ್ಲಾಸ್ಟರಿನಲ್ಲಿ ಇದ್ಯಾವುದೂ ಇರಲಿಲ್ಲ. ನೀಲಿ ಕಾಗದ ಕಚ್ಚಿಸಿದ. ಎರಡೂ ಕಡೆ ಒಂದೇ ಸಮ ಗುರುತು ಬಿತ್ತು. ಒಳಗೆ ಬೆರಳಾಡಿಸಿ ನೋಡಿದ. ಎಲ್ಲೂ ಒತ್ತಿಲ್ಲ, ಎಲ್ಲೂ ಅಲುಗಿಲ್ಲ. ಅವನ ಎದೆ ಅರ್ಧ ಅಡಿ ಉಬ್ಬಿತು.

"ಸರಿಯಾಗೇ ಕೂತಿದೆಯಲ್ಲಜ್ಜಿ! ನೋವಾಗತ್ತಾ?"

"ಇಲ್ಲ."

"ತಿನ್ನೋಕೆ ಆಗಲ್ವಾ?"

"ಯಾಕಾಗಲ್ಲ? ಮೂರು ಸಲವೂ ತಿಂದು ನೋಡೇ ಕಳ್ಸಿದ್ದು."

"ಮತ್ತೆ ಸರಿಯಿಲ್ಲ ಅಂದ್ರಿ?"

"ಹಲ್ಲು ಕೂರೋದು ಸರಿಯಿದೆ, ಹಾಕ್ಕೊಂಡ ಮೇಲೆ ನಾನೇ ಸರಿಯಿಲ್ಲ ಅಂತ ಅಂದಿದ್ದೆ. ಆ ಮಾತು ಗುಡ್ಡ ದಾಟೋದ್ರೊಳಗೆ ಅಷ್ಟೇ ಉಳಿದಿದೆ. ಕನ್ನಡಿ ಕೊಡಿಲ್ಲಿ."

ಕೈಗನ್ನಡಿಯನ್ನು ಎತ್ತಿ ಹಿಡಿದು ಅಜ್ಜಿ ತುಟಿ ಬಿಡಿಸಿದಳು. ಮುಂದಿನ ಹಲ್ಲುಗಳು ನೂಲು ಹಿಡಿದ ಹಾಗೆ ಸಾಲಾಗಿ ಹೊಳೆದವು.

"ಇವಳು ಯಾರು ಗೊತ್ತಾ? ನಮ್ಮಕ್ಕ. ಅವಳ ಹಲ್ಲು ಹೀಗೇ, ಮುತ್ತು ಪೋಣಿಸಿದ ಹಾಗೆ. ಮನೆಗೆ ಬಂದೋರೆಲ್ಲ ಅವಳ ಬಾಯಿ ಹೊಗಳೋರು, ಆಮೇಲೆ ನನ್ನ ಕಡೆ ನೋಡಿ ಸುಮ್ಮನಾಗೋರು. ಒಳ್ಳೆ ಬಟ್ಟೆ ಅವಳಿಗೆ, ಒಳ್ಳೆ ಮನೆ ಅವಳಿಗೆ. ಅವಳು ಸಾಯೋವರೆಗೂ ಅವಳ ಮುಂದೆ ನನ್ನ ಮಾತು ನಡೀಲಿಲ್ಲ. ಸತ್ತು ನೆಮ್ಮದಿಯಾಗಿದ್ಲು, ನಾನೂ ನೆಮ್ಮದಿಯಾಗಿದ್ದೆ. ಈಗ ಅವಳನ್ನ ತಂದು ನನ್ನ ಮುಖದಲ್ಲಿ ಕೂರಿಸಿದ್ದೀಯಲ್ಲ, ನಾನು ನಿಂಗೇನು ಮಾಡಿದ್ದೆ?"

ಹಲ್ಲಣ್ಣನ ಹೆಂಡತಿ ನಗು ತಡೆಯಲಾರದೆ ಹೊಲದ ಕಡೆ ತಿರುಗಿ ನಿಂತಳು. ಹಲ್ಲಣ್ಣ ನಗಲಿಲ್ಲ. ಬಾಯಿ ಯಾರದಾದರೇನು, ಮುಂದಿನ ಆರು ಹಲ್ಲನ್ನು ಅವನು ಯಾವಾಗಲೂ ಒಂದೇ ಸಾಲಿನಲ್ಲಿ, ಒಂದೇ ಎತ್ತರದಲ್ಲಿ ಕೂರಿಸುತ್ತಿದ್ದ. ಚೆಂದ ಅಂದರೆ ಅದೇ ಎಂದು ಕಲಿಸಿದವರು ಹೇಳಿದ್ದರು, ಅದನ್ನು ಮತ್ತೆ ಯೋಚಿಸುವ ಪ್ರಸಂಗವೇ ಬಂದಿರಲಿಲ್ಲ.

"ನಿಮ್ಮ ಹಲ್ಲು ಹೇಗಿತ್ತಜ್ಜಿ?" ಎಂದು ಕೇಳಿದ.

"ಮುಂದಿನ ಒಂದು ಇನ್ನೊಂದರ ಮೇಲೆ ಹತ್ತಿ ಕೂತಿತ್ತು. ಎಡಗಡೇದು."

"ಬಲಗಡೇದು" ಎಂದಳು ವಾರಗಿತ್ತಿ.

"ನನ್ನ ಹಲ್ಲು ನನಗೊತ್ತಿಲ್ವಾ?"

"ನೀನು ಎಷ್ಟು ಸಲ ನೋಡ್ಕೊಂಡಿದ್ದೀಯ? ಮದುವೆಯಾಗಿ ಬಂದಾಗಿಂದ ಎದುರಿಗೆ ಕೂತು ನೋಡಿರೋಳು ನಾನು. ಬಲಗಡೇನೇ."

ಎದುರಿಗೆ ಕೂತವಳಿಗೆ ಎಡ ಬಲವಾಗುತ್ತದೆ ಎಂದು ಹಲ್ಲಣ್ಣ ಹೇಳಲು ಹೋದ. ಇಬ್ಬರೂ ಕೇಳುವ ಸ್ಥಿತಿಯಲ್ಲಿ ಇರಲಿಲ್ಲ. ಜಗಳ ಹಲ್ಲಿನಿಂದ ಶುರುವಾಗಿ ಯಾವುದೋ ಕಾಲದಲ್ಲಿ ಒಡೆದ ಒಂದು ಕೊಡದವರೆಗೆ ಹೋಯಿತು. ಗದ್ದಲ ಕೇಳಿ ಅಜ್ಜಿಯ ಮಗಳು ಹೊಲದಿಂದ ಬಂದಳು. ಕೂದಲು ಅಲ್ಲಲ್ಲಿ ನೆರೆತ ಹೆಂಗಸು. ವಿಷಯ ಕೇಳಿ ಅವಳಿಗೆ ನಗು ಬಂತು. ಬಂದದ್ದೇ ಅಂಗೈಯಿಂದ ಬಾಯಿ ಮುಚ್ಚಿಕೊಂಡಳು.

"ಅಕ್ಕಾ, ಕೈ ತೆಗೀರಿ ಒಂದ್ನಿಮಿಷ" ಎಂದ ಹಲ್ಲಣ್ಣ.

"ಬೇಡಿ, ಚೆನ್ನಾಗಿಲ್ಲ."

"ತೆಗಿಯೇ" ಎಂದು ಅಜ್ಜಿ ಗದರಿದಳು.

ಮಗಳು ಕೈ ತೆಗೆದಳು. ಮುಂದಿನ ಎರಡು ಹಲ್ಲುಗಳಲ್ಲಿ ಎಡಗಡೆಯದು ಪಕ್ಕದ ಹಲ್ಲಿಗೆ ಹೆಗಲು ಕೊಟ್ಟು ಓರೆಯಾಗಿ ನಿಂತಿತ್ತು. ಅಜ್ಜಿ ಕೋಲಿನಿಂದ ತೋರಿಸಿ, "ಅದೇ! ಅದೇ ನನ್ನದು" ಎಂದಳು. ವಾರಗಿತ್ತಿ ನೋಡಿ, "ನಾನು ಹೇಳಿದ್ದೂ ಅದನ್ನೇ" ಎಂದಳು.

ಹಲ್ಲಣ್ಣ ದೀಪ ಹಚ್ಚಿ, ಮೇಣವನ್ನು ಮೆತ್ತಗೆ ಮಾಡಿ, ಮಗಳ ಮುಂದಿನ ಹಲ್ಲುಗಳ ಅಚ್ಚು ತೆಗೆದುಕೊಂಡ. ಹತ್ತಿರ ಕೂತು ಅವಳ ಬಾಯನ್ನೂ ಅಜ್ಜಿಯ ಬಾಯನ್ನೂ ಮತ್ತೆ ಮತ್ತೆ ನೋಡಿದ. ತುಟಿ ಮುಚ್ಚಿದಾಗ ಆ ಓರೆ ಹಲ್ಲು ಮೇಲ್ದುಟಿಯನ್ನು ಎಲ್ಲಿ ಎತ್ತುತ್ತದೆ, ಮಾತಾಡುವಾಗ ಎಷ್ಟು ಇಣುಕುತ್ತದೆ ಎಂದು ನೋಡಿದ. ಮಗಳು ನಾಚಿಕೊಂಡೇ ಕೂತಿದ್ದಳು. ಅವನು ಎದ್ದಾಗ ತಾಯಿಗೆ ಕೇಳದ ಹಾಗೆ, "ನನ್ನವೂ ಒಂದಿನ ಬೀಳ್ತಾವಲ್ಲ. ಆಗ ನಂಗೆ ನೆಟ್ಟಗಿರೋವೇ ಮಾಡ್ಕೊಡಿ" ಎಂದಳು.

ತಾಯಿಗೆ ಕೇಳಿಸಿತು. "ನಿಂಗೂ ದೊಡ್ಡಮ್ಮನೇ ಬೇಕೇನೇ?" ಎಂದಳು.

ಹೆಂಡತಿ ಆಕಾಶ ನೋಡಿ ಅವಸರ ಮಾಡಿದಳು. ಇಳಿದದ್ದನ್ನು ಹತ್ತಬೇಕಿತ್ತು. ನೆತ್ತಿ ತಲುಪುವ ಹೊತ್ತಿಗೆ ಬಿಸಿಲು ಕೆಂಪಾಗಿತ್ತು. ಆ ಕಡೆಯ ಇಳಿಜಾರಿನಲ್ಲಿ ಹಲ್ಲಣ್ಣ ಎರಡು ಸಲ ಜಾರಿ ಕೂತ. ಸೆಟ್ಟು ಮತ್ತು ಅಚ್ಚಿದ್ದ ಡಬ್ಬಿಯನ್ನು ಮಾತ್ರ ಎತ್ತಿ ಹಿಡಿದುಕೊಂಡೇ ಜಾರಿದ. ಸೇತುವೆಯ ಬಳಿ ಡ್ರೈವರ್ ಕಾಯುತ್ತ ಬೈಯುತ್ತ ನಿಂತಿದ್ದ. ಇವರನ್ನು ಕಂಡ ಮೇಲೂ ಸ್ವಲ್ಪ ದೂರ ಬೈಗುಳ ಮುಂದುವರಿಯಿತು.

ಮಾರನೆಯ ದಿನ ಹಲ್ಲಣ್ಣ ಸೆಟ್ಟಿನ ಮುಂದಿನ ಹಲ್ಲುಗಳನ್ನು ಬಿಡಿಸಿ ಮತ್ತೆ ಕೂರಿಸುವುದನ್ನು ನೋಡಿ ಡಾಕ್ಟರಮ್ಮನಿಗೆ ಸಿಟ್ಟು ಬಂತು. "ಬೇಕಂತಲೇ ಸೊಟ್ಟಗೆ? ನಮ್ಮ ಆಸ್ಪತ್ರೆ ಹಲ್ಲು ಅಂತ ನಾಳೆ ಜನ ನಗಲ್ವಾ?"

"ಆ ಊರಲ್ಲಿ ನಗಲ್ಲ ಮೇಡಂ" ಎಂದ ಅವನು, ತಲೆಯೆತ್ತದೆ.

ಓರೆ ಹಲ್ಲನ್ನು ಓರೆಯಾಗಿ ಕೂರಿಸುವುದು ನೆಟ್ಟಗೆ ಕೂರಿಸುವುದಕ್ಕಿಂತ ಕಷ್ಟವಾಯಿತು. ಸ್ವಲ್ಪ ಹೆಚ್ಚಾದರೆ ಅಣಕ, ಸ್ವಲ್ಪ ಕಮ್ಮಿಯಾದರೆ ಅಕ್ಕ. ಮೇಣದ ಅಚ್ಚನ್ನು ಪಕ್ಕದಲ್ಲಿಟ್ಟುಕೊಂಡು, ಆ ಹೆಂಗಸು ಕೈ ತೆಗೆದ ಗಳಿಗೆಯನ್ನು ನೆನಪಿಸಿಕೊಂಡು ಮಾಡಿ ಮುಗಿಸಿ ಕಳಿಸಿದ. ಈ ಸಲ ಸೆಟ್ಟು ಹಿಂದೆ ಬರಲಿಲ್ಲ. ತಿಂಗಳ ಮೇಲೆ ಡ್ರೈವರ್ ತಾನಾಗಿಯೇ ಬಂದು ಕಿಟಕಿಯ ಹತ್ತಿರ ನಿಂತ.

"ಅಜ್ಜಿ ಹಾಕ್ಕೊಂಡು ಓಡಾಡ್ತಿದಾಳಂತೆ. ಆದ್ರೆ ಆ ಇನ್ನೊಬ್ಬ ಅಜ್ಜಿ ಇನ್ನೂ ಬಲಗಡೇದು ಅಂತಾನೇ ಇದಾಳಂತೆ."

ಅದಾದ ಮೇಲೆ ಹಲ್ಲಣ್ಣ ಹಿಂದಿನ ಕೋಣೆಯಿಂದ ಆಗಾಗ ಎದ್ದು ಬರಲು ಶುರು ಮಾಡಿದ. ಅಚ್ಚು ಕೊಡಲು ಬಂದವರ ಹತ್ತಿರ ನಿಂತು, "ನಿಮ್ಮ ಮೊದಲಿನ ಹಲ್ಲು ಹೇಗಿತ್ತು?" ಎಂದು ಕೇಳುತ್ತಿದ್ದ. ಹೆಚ್ಚಿನವರು ಪೆಚ್ಚಾಗಿ ಡಾಕ್ಟರಮ್ಮನ ಮುಖ ನೋಡಿ, "ನೀವು ಹೇಗೆ ಮಾಡ್ತೀರೋ ಹಾಗೆ" ಎನ್ನುತ್ತಿದ್ದರು. ಸಾಲಾಗಿ, ಬೆಳ್ಳಗೆ ಇದ್ದರೆ ಅವರಿಗೆ ಸಾಕಿತ್ತು. ಅವನು ಹಾಗೇ ಮಾಡಿಕೊಡುತ್ತಿದ್ದ.

ನಿವೃತ್ತನಾದ ಬಸ್ ಕಂಡಕ್ಟರ್ ಒಬ್ಬ ಮಾತ್ರ ಬಹಳ ಯೋಚಿಸಿ, ಮುಂದೆ ಒಂದು ಸಂದು ಇತ್ತು, ಅದರಿಂದಲೇ ಸೀಟಿ ಊದುತ್ತಿದ್ದೆ, ಪೀಪಿ ಬೇಕಿರಲಿಲ್ಲ ಎಂದ. ಹಲ್ಲಣ್ಣ ಸಂದು ಬಿಟ್ಟೇ ಸೆಟ್ಟು ಮಾಡಿದ. ಕಂಡಕ್ಟರ್ ಅದನ್ನು ಹಾಕಿಕೊಂಡು ತಗಡಿನ ಬಾಗಿಲಲ್ಲೇ ನಿಂತು ಊದಿ ನೋಡಿದ. ಬರೀ ಗಾಳಿ ಬಂತು. "ಸಂದು ಸಾಲದು" ಎಂದ. ಹಲ್ಲಣ್ಣ ಸೆಟ್ಟು ಇಸಿದುಕೊಂಡು, ಅರ ಹಿಡಿದು, ಬೆಳಕಿಗೆ ತಿರುಗಿ ಕೂತ.